ಹೊಸ ಚರ್ಮಕ್ಕಿಟ್ಟ ಕುಂಕುಮ

“ಇದರ ಮೇಲೆ ಕುಂಕುಮ ಹಚ್ಚಿದ್ದು ಯಾರ್‍ರೀ?” ನರ್ಸ್ ಗಾಬರಿಯಿಂದ ಕೇಳಿದರು. ಮೆಕ್ಕೆಜೋಳ ಬಿಡಿಸುವ ಮಷಿನ್ನಿಗೆ ಸಿಕ್ಕ ತಮ್ಮನ ಕಾಲಿಗೆ, ಅವನದೇ ತೊಡೆಯ ಚರ್ಮವನ್ನು ರಕ್ತನಾಳದ ಸಮೇತ ಜೋಡಿಸಿದ ಮರುದಿನವದು. ಸಂತೇಬೆನ್ನೂರಿನಿಂದ ಬಂದ ಅವ್ವ, ಊರಮ್ಮ ದೇವಿಯ ಕುಂಕುಮವನ್ನು ಅದರ ಮೇಲೆಯೇ ಬಳಿದಿದ್ದಳು. ನನಗೆ ಸಿಟ್ಟು ಬಂತು.

“ಅಜ್ಜಿ, ಈ ಚರ್ಮದ ಬಣ್ಣ ನೋಡಿಯೇ ರಕ್ತ ಓಡ್ತೈತೋ ಇಲ್ಲೋ ತಿಳ್ಕಂತೀವಿ. ಕಪ್ಪಾದ್ರೆ ಮತ್ತೆ ಆಪರೇಷನ್ ಮಾಡ್ಬೇಕಾಗ್ತೈತೆ. ಹಣೆಗೆ ಹಚ್ರಿ,” ಎಂದರು ನರ್ಸ್ ಅವ್ವನಿಗೆ.

ಮೆಲ್ಲಗೆ ಕುಂಕುಮ ಒರೆಸಿ, ಪುಟ್ಟ ಯಂತ್ರವೊಂದನ್ನು ಆ ಚರ್ಮದ ಮೇಲಿಟ್ಟರು. ರಕ್ತ ಹರಿಯುವ ಸುಯ್ ಸುಯ್ ಸದ್ದು ಕೇಳಿಸಿತು. ಅವ್ವ ಕಣ್ಣು ಮುಚ್ಚಿ ಕೈಮುಗಿದಳು.

ಸಂಜೆ ಆ ಯಂತ್ರದ ಮೇಲೊಂದು ಕುಂಕುಮದ ಬೊಟ್ಟಿತ್ತು. ಒರೆಸಲು ಹೋದ ನನ್ನ ಕೈಯನ್ನು ನರ್ಸೇ ತಡೆದರು.