ಅವ್ವ ಕರೆದಿದ್ದಳು

ನನ್ನ ಅವ್ವ ಸಾಯುವ ಮುನ್ನ ಸೊಸೆಯನ್ನು ನೋಡಬೇಕು ಎಂದಿದ್ದಳು — ಆ ಮಾತನ್ನು ನಾನು ಮುಚ್ಚಿಟ್ಟೆ. ಒಂಬತ್ತು ವರ್ಷ.

ವೈನಿ, ಅಂದರೆ ಅಣ್ಣನ ಹೆಂಡತಿ ಮೇಲಿನ್, ಕೋಲ್ಕತ್ತಾದ ಚೀನೀ ಮನೆತನದವರು, ಸಂಭಾಜಿನಗರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದರು. ಅಣ್ಣ ಅವರನ್ನು ಮದುವೆಯಾದದ್ದೇ, ಇಬ್ಬರೂ ನಾಸಿಕದ ನಮ್ಮ ಮನೆಗೆ ಕಾಲಿಡಕೂಡದೆಂದು ಅವ್ವ ಹೇಳಿಬಿಟ್ಟಳು. ಅಣ್ಣ ಹೃದಯಾಘಾತದಿಂದ ತೀರಿಕೊಂಡಾಗಲೂ ಅವಳ ಮನಸ್ಸು ಕರಗಲಿಲ್ಲ. ಆದರೆ ತನ್ನ ಕೊನೆಯ ವಾರದಲ್ಲಿ, ಗಂಜಿಯ ಚಮಚವನ್ನು ಪಕ್ಕಕ್ಕೆ ಸರಿಸಿ ಅಂದಳು: "ಆಕೀನ್ನ ಕರಸವ್ವಾ. ಒಮ್ಮೆ ಮಾರಿ ನೋಡ್ತೀನಿ."

ಆರು ವರ್ಷ ಅವಳ ಮೈ ತೊಳೆದವಳು ನಾನು. ನನ್ನ ಮುಖ ನೋಡಬೇಕೆಂದು ಅವಳು ಒಮ್ಮೆಯೂ ಅಂದಿರಲಿಲ್ಲ — ಇದು ಕಾರಣವಲ್ಲ, ಆಗ ಎದೆಯಲ್ಲಿ ಎದ್ದದ್ದು, ಅಷ್ಟೇ. ಮರುದಿನ ಹೇಳಿದೆ: "ಫೋನ್ ಮಾಡಿದ್ದೆ. ಬರಾಂಗಿಲ್ಲ ಅಂದ್ರು."

ಫೋನ್ ಮಾಡಿಯೇ ಇರಲಿಲ್ಲ. ಅವ್ವ ಮತ್ತೆ ಕೇಳಲಿಲ್ಲ. ನಾಲ್ಕನೆಯ ದಿನ ಹೋದಳು. ವೈನಿಗೆ ಸುದ್ದಿ ಮುಟ್ಟಿಸಿದ್ದು ಗೋದಾವರಿಯಲ್ಲಿ ಅಸ್ಥಿ ಬಿಟ್ಟ ಮೇಲೆ. "ಕೊನೀತನಕ ನಿಮ್ಮ ಹೆಸರು ತಗೀಲಿಲ್ಲ" ಎಂದೂ ಸೇರಿಸಿದೆ — ಯಾರೂ ಕೇಳದಿದ್ದರೂ.

ಕಳೆದ ಮಳೆಗಾಲದಲ್ಲಿ ಮಗಳ ಕಾಲೇಜಿನ ಕೆಲಸಕ್ಕೆ ಸಂಭಾಜಿನಗರಕ್ಕೆ ಹೋದಾಗ, ಅದು ಹೇಗೋ ತಿಳಿದು ವೈನಿ ಮನೆಗೆ ಕರೆದರು. ಅವರ ಜನರಲ್ಲಿ ಅದು ಸತ್ತವರು ಹಸಿದು ಮನೆಗೆ ಬರುವ ತಿಂಗಳಂತೆ. ಮೇಜಿನ ಮೇಲೆ ಅಣ್ಣನ ಫೋಟೋ, ಪಕ್ಕದಲ್ಲಿ ಅವ್ವನದು. ಮುಂದೆ ಅನ್ನದ ಬಟ್ಟಲು, ಮೋಸಂಬಿ, ಊದಿನಕಡ್ಡಿ, ಎರಡು ಜೋಳದ ರೊಟ್ಟಿ. ಅವ್ವನಿಗೆ ಮುಟ್ಟಲೆಂದು ಸುಡಲು ಕತ್ತರಿಸಿಟ್ಟ ಕಾಗದದ ಸೀರೆ — ಕೆಂಪು ಸೆರಗಿನಲ್ಲಿ ಇಳಕಲ್ ಸೀರೆಯ ಹಾಗೆ ತೆನೆ ಬರೆದಿದ್ದರು.

"ಪ್ರತಿ ವರ್ಷ ಮಾಡ್ತೀನ್ರಿ," ಅಣ್ಣನಿಂದ ಕಲಿತ ಕನ್ನಡದಲ್ಲಿ ಅಂದರು. "ಅತ್ತಿ ನನ್ನ ಮ್ಯಾಲೆ ಸಿಟ್ಟಿನಾಗ ಹೋದ್ರಲ್ಲ. ಉಣ್ತಾರೋ ಇಲ್ಲೋ, ಗೊತ್ತಾಗಂಗಿಲ್ಲ."

ನಾನು ಅಂದೆ: "ಅವ್ವ ನಿಮ್ಮನ್ನ ಕರದಿದ್ಲು ವೈನಿ. ನಾನು ಹೇಳಲಿಲ್ಲ. ಆಕಿಗೂ ಸುಳ್ಳು ಹೇಳಿದೆ... ನಿಮಗೂ."

ಅವರು ಬೈಯಲಿಲ್ಲ. ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. "ನನಗ ಹೇಳಿದ್ರಿ. ಈಗ ಅತ್ತಿಗೆ ಹೇಳ್ರಿ."

ಅಂಗಳದ ತಗಡಿನ ಡಬ್ಬಿಯಲ್ಲಿ ಸೀರೆ ಸುಡುತ್ತಿರುವಾಗ ಹೇಳಿದೆ, ಗಟ್ಟಿಯಾಗಿ, ಒಂದು ಮಾತೂ ಬಿಡದೆ.

ಹೊರಡುವಾಗ ವೈನಿ ಅಂದರು: "ಮುಂದಿನ ವರ್ಷಾನೂ ಬರ್ರಿ. ಅತ್ತಿ ಸಲುವಾಗಿ. ನನ್ನ ಸಲುವಾಗಿ ಅಲ್ಲ."

ಕ್ಷಮಿಸಿ ಎಂದು ನಾನು ಕೇಳಲಿಲ್ಲ. ಕೇಳುವುದೂ ಇಲ್ಲ. ಆದರೆ ಮುಂದಿನ ವರ್ಷ ಹೋಗುತ್ತೇನೆ.