ಹಾರ್ನ್ ಕೆಟ್ಟ ದಿನ

"ಹೋಯ್, ಸ್ವಲ್ಪ ಬಾಜೂ ಸರೀಪಾ," ಎಂದು ಬಾಳಪ್ಪ ಲಾರಿಯಿಂದ ತಲೆ ಹೊರಹಾಕಿ ಕೂಗಿದ. ಹಾರ್ನ್ ಕೆಟ್ಟಿತ್ತು. ಮುಂದೆ ಬೆಲ್ಲ ಹೇರಿಕೊಂಡು ಹೊರಟಿದ್ದ ಚಕ್ಕಡಿ ಸರಿಯುವ ಬದಲು ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಎತ್ತುಗಳೆರಡೂ ನೊಗದಲ್ಲೇ ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿದ್ದವು.

ಮೂಡಲಗಿಯಿಂದ ಗೋಕಾಕಕ್ಕೆ ಹತ್ತಿಯ ಅಂಡಿಗೆ ಒಯ್ಯುತ್ತಿದ್ದ ಆ ಲಾರಿಯಲ್ಲಿ ನಾನೂ ಕುಳಿತಿದ್ದೆ. ಮೊದಲು ಬಾಡಿಗೆ ಚಕ್ಕಡಿ ಹೊಡೆಯುತ್ತಿದ್ದ ಬಾಳಪ್ಪ, ಎತ್ತುಗಳನ್ನು ಹುಕ್ಕೇರಿ ಸಂತೆಯಲ್ಲಿ ಮಾರಿ ಲಾರಿ ಕೊಂಡಿದ್ದ. ಇವು ಅವೇ ಎತ್ತುಗಳು.

ಚಕ್ಕಡಿಯವನು ಬಾರುಕೋಲು ಎತ್ತಿದರೂ ಅವು ಕದಲಲಿಲ್ಲ.

"ಮಾರಿದ ಮ್ಯಾಲ ದನಿ ಕೇಳಸಬಾರದೋ ಮಾರಾಯಾ. ಅಡತಿ ಅಂಗಡಿ ಮುಚ್ಚೂದ್ರಾಗ ನಾ ಈ ಬೆಲ್ಲ ಮುಟ್ಟಸಬೇಕು. ಈಗ ನೀನ ಇಳದು ಹೊಡಿ ಬಾ," ಎಂದು ಅವನು ಬಾಳಪ್ಪನಿಗೆ ಬೈದ.

ಬಾಳಪ್ಪ ನಗುತ್ತಲೇ ಇಳಿದುಹೋಗಿ ಒಂದು ಎತ್ತಿನ ಕೊರಳಡಿಯ ಗಂಗೆದೊಗಲು ಸವರಲು ಕೈ ಚಾಚಿದ. ಅದು ಆ ಕೈಯನ್ನು ಮೂಸಿತು. ಎಂಜಿನ್ ಎಣ್ಣೆಯ ವಾಸನೆಗೆ ಬುಸುಗುಟ್ಟಿ ಮುಖ ತಿರುಗಿಸಿತು. ಆಮೇಲೆ ಚಕ್ಕಡಿಯವನು ಬಾಲ ಮುಟ್ಟಿದ್ದೇ ತಡ, ಎರಡೂ ಮುಂದಕ್ಕೆ ಹೊರಟವು.

ಬಾಳಪ್ಪ ಬಂದು ಕುಳಿತ. ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ, "ದನಿ ಗುರ್ತ ಹಿಡದ್ವುರಿ. ಕೈ ಗುರ್ತ ಹತ್ತಲಿಲ್ಲ," ಎಂದ.

ರಸ್ತೆ ಅಗಲವಾದ ಮೇಲೂ ಅವನು ಆ ಚಕ್ಕಡಿಯನ್ನು ದಾಟಲಿಲ್ಲ; ಗೋಕಾಕದವರೆಗೆ ಅದರ ಹಿಂದೆಯೇ ನಿಧಾನವಾಗಿ ಲಾರಿ ನಡೆಸಿದ. ಮರುದಿನವೇ ಹಾರ್ನ್ ರಿಪೇರಿ ಮಾಡಿಸಿದ. ಈಗ ಯಾವ ಚಕ್ಕಡಿ ಅಡ್ಡ ಬಂದರೂ ಅದನ್ನೇ ಒತ್ತುತ್ತಾನೆ. ಬಾಯಿ ತೆರೆಯುವುದಿಲ್ಲ.