ಕುರುಗೋಡಿನ ಹೊಲಕ್ಕೆ ಬಿದ್ದ ಡಬ್ಬಿ

2008ರ ಜುಲೈನಲ್ಲಿ ಬಳ್ಳಾರಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಹಾರಿಬಿಟ್ಟ ಬಲೂನು ಸಿರಿಗೇರಿಯ ಹತ್ತಿರ ಇಳಿಯಬೇಕಿತ್ತು. ಕುರುಗೋಡಿನ ಆಚೆ ಒಂದು ಶೇಂಗಾ ಹೊಲದಲ್ಲಿ ಇಳಿಯಿತು. ಆಗ ನಾನು ಬಳ್ಳಾರಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಜಿಲ್ಲಾ ಪುಟದಲ್ಲಿ ಅದಿರಿನ ಲಾರಿಗಳು ಬಿಟ್ಟುಕೊಟ್ಟ ಜಾಗದಲ್ಲಿ ಮಾತ್ರ ಉಳಿದ ಸುದ್ದಿ ಬರುತ್ತಿದ್ದ ಕಾಲ. ಅವತ್ತು ಲಾರಿ ಅಪಘಾತ ಯಾವುದೂ ಇರಲಿಲ್ಲವಾದ್ದರಿಂದ ನನ್ನನ್ನು ಬಲೂನಿನ ಸುದ್ದಿಗೆ ಕಳಿಸಿದ್ದರು.

ವಿಷಯ ಇಷ್ಟು. ಜಪಾನಿನ ಒಂದು ವಿಶ್ವವಿದ್ಯಾಲಯ ಹಲವು ದೇಶಗಳ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಪುಟ್ಟ ಉಪಗ್ರಹ ಕಟ್ಟಿಸುತ್ತಿತ್ತು. ಗಾತ್ರ ಹೆಚ್ಚೂಕಡಿಮೆ ಒಂದು ಬೆಲ್ಲದ ಅಚ್ಚಿನಷ್ಟು. ಒಂದೊಂದು ದೇಶದ್ದು ಒಂದೊಂದು ಭಾಗ. ಬಾಹ್ಯಾಕಾಶದ ಕೆಲಸ ಗೊತ್ತಿಲ್ಲದವರು ಮಾಡುತ್ತಲೇ ಕಲಿಯಲಿ ಎಂಬುದು ಉದ್ದೇಶ. ಬಳ್ಳಾರಿಯ ಪಾಲಿಗೆ ಬಂದದ್ದು ಉಪಗ್ರಹದ ಒಳಗಿನ ಬಿಸಿ, ತಂಪು ಅಳೆಯುವ ಒಂದು ಬೋರ್ಡು. ಅದು ಮೇಲಿನ ಚಳಿಯಲ್ಲೂ ಕೆಲಸ ಮಾಡುತ್ತದೆಂದು ಮೊದಲು ಬಲೂನಿನಲ್ಲಿ ಕಳಿಸಿ ತೋರಿಸಬೇಕು. ಅಂಕಿಗಳು ಅದೇ ದಿನ ಜಪಾನಿಗೆ ಹೋಗದಿದ್ದರೆ ಉಪಗ್ರಹದಲ್ಲಿ ಆ ಬೋರ್ಡಿನ ಜಾಗ ಬೇರೆ ದೇಶದ ಪಾಲಾಗುತ್ತಿತ್ತು. ಅಂಕಿಗಳೆಲ್ಲ ಬಲೂನಿಗೆ ಕಟ್ಟಿದ್ದ ಥರ್ಮಾಕೋಲ್ ಡಬ್ಬಿಯೊಳಗಿನ ಮೆಮೊರಿ ಕಾರ್ಡಿನಲ್ಲಿದ್ದವು.

ಡಬ್ಬಿಯಲ್ಲಿದ್ದ ಸಿಮ್ ತಾನು ಬಿದ್ದ ಜಾಗವನ್ನು ಎಸ್ಸೆಮ್ಮೆಸ್ ಮಾಡಿತು. ಕಾಲೇಜಿನ ಸುಮೋದಲ್ಲಿ ಹೊರಟೆವು. ತಂಡದ ಮುಖ್ಯಸ್ಥೆ ಸಿರಿಗೇರಿಯ ಹುಡುಗಿ, ಕೊನೆಯ ವರ್ಷದ ವಿದ್ಯಾರ್ಥಿನಿ. ಅವಳ ಜೊತೆ ಪರೀಕ್ಷೆ ನೋಡಲು ಬಂದಿದ್ದ ಜಪಾನಿನ ವಿದ್ಯಾರ್ಥಿ. ಹಿಂದಿನ ಸೀಟಿನಲ್ಲಿ ನಾನು. ಜಪಾನಿನ ಹುಡುಗ ಹಾಸ್ಟೆಲಿನಲ್ಲಿ ಕೆಲವು ದಿನ ಇದ್ದು ಒಂದೇ ಒಂದು ಕನ್ನಡ ಮಾತು ಕಲಿತಿದ್ದ: "ಆಯ್ತ್ರಿ." ಯಾರು ಏನು ಹೇಳಿದರೂ ತಲೆಬಾಗಿಸಿ ಅದನ್ನೇ ಹೇಳುತ್ತಿದ್ದ.

ಹೊಲದಲ್ಲಿ ಡಬ್ಬಿ ಇರಲಿಲ್ಲ. ಅದು ಬಿದ್ದ ಜಾಗಕ್ಕೆ ಕಲ್ಲಿಟ್ಟು, ಸುತ್ತ ಜಾಲಿಮುಳ್ಳು ಹಾಕಿ, ನಡುವೆ ಒಂದು ಬುಟ್ಟಿ ಬೋರಲು ಹಾಕಿದ್ದರು. ಹೊಲದ ಯಜಮಾನ ಬುಟ್ಟಿಯನ್ನು ಕಾಯುತ್ತ ನಿಂತಿದ್ದ.

"ಡಬ್ಬಿ ಮನಿಯಾಗ ಐತಿ, ಚಿಂತಿ ಮಾಡಬ್ಯಾಡ್ರಿ," ಅಂದ. "ಪಾಯಿಂಟು ಅಳಿಸಿ ಹೋಗಬಾರದಂತ ಹಿಂಗ ಮಾಡೀನಿ. ಎಷ್ಟು ಅಡಿಗೆ ಐತ್ರಿ?"

"ಏನು ಎಷ್ಟು ಅಡಿಗೆ?" ಅಂದಳು ಹುಡುಗಿ.

"ಅದಿರ್ರಿ!"

ಆ ದಿನಗಳಲ್ಲಿ ಗಣಿ ಧಣಿಗಳ ಹೆಲಿಕಾಪ್ಟರ್ ಹಾರಿದ ಕಡೆಯೆಲ್ಲ ಹೊಲದ ರೇಟು ಏರುತ್ತಿತ್ತು. ಈಗ ಆಕಾಶದಿಂದ ಯಂತ್ರವೇ ಇಳಿದಿತ್ತು. ಅದರ ಬೆನ್ನಿಗೇ ಸುಮೋದಿಂದ ಜಪಾನಿನ ಹುಡುಗ ಇಳಿದ. ನಮ್ಮ ಜಿಲ್ಲೆಯ ಅದಿರು ಯಾವ ದೇಶಕ್ಕೆ ಹೋಗುತ್ತದೆಂದು ಆಗ ಎಲ್ಲರಿಗೂ ಗೊತ್ತಿತ್ತು.

"ಚೀನಾದ ಸಾಹುಕಾರ್ರು ಖುದ್ದ ಬಂದಾರ!" ಅಂದ ಯಜಮಾನ, ಹೆಗಲ ಟವೆಲು ತೆಗೆಯುತ್ತ.

"ಅವರು ಜಪಾನ್ನೋರು ಅಣ್ಣಾರ, ನಮ್ಮಂಗ ಓದೋರು," ಅಂದಳು ಹುಡುಗಿ. "ಡಬ್ಬಿ ಮ್ಯಾಲಿನ ಚಳಿ ನೋಡಾಕ ಹೋಗಿತ್ತು. ಅದಿರು ಗಿದಿರು ಏನೂ ಇಲ್ಲ."

"ನೋಡವಾ, ಸಿಕ್ಕವ್ರು ಯಾವತ್ತರ ಸಿಕ್ತು ಅಂತಾರೇನು? ಇಲ್ಲ ಅಂತನ ಅನ್ನೋದು." ನನ್ನ ಕಡೆ ತಿರುಗಿದ. "ಪ್ಯಾಪರ್ನವ್ರೂ ಬಂದೀರಿ. ನೀವು ಸುಮ್ಮಸುಮ್ಮನ ಬರೋರಲ್ಲ."

ಆಮೇಲೆ ನೇರ ಜಪಾನಿನ ಹುಡುಗನ ಮುಂದೆ ನಿಂತ. "ಸಾಹುಕಾರ್ರ, ಈ ಹೊಲ ನೀವ ತೊಗೋಬೇಕು. ಬ್ಯಾರೇದವ್ರಿಗೆ ಕೊಡಂಗಿಲ್ಲ."

"ಆಯ್ತ್ರಿ."

ಪಕ್ಕದ ಹೊಲದವನು ಬದು ದಾಟಿ ಓಡಿಬಂದ. "ಲೇ, ನಂದೂ ಹೇಳಲೇ! ಸಾಹುಕಾರ್ರ, ನಮ್ಮದೂ ತೊಗೋರಿ."

"ಆಯ್ತ್ರಿ."

ಇನ್ನು ಆ ಮಾತು ಆಡಬೇಡ ಎಂದು ಹುಡುಗಿ ಇಂಗ್ಲಿಷಿನಲ್ಲಿ ಎಚ್ಚರಿಸಿದಳು. ಆತ ತಲೆಬಾಗಿಸಿ ಅದನ್ನೇ ಆಡಿದ.

ಸುಮೋದ ಚಾಲಕ ಅವಳನ್ನು ಬದಿಗೆ ಕರೆದ. "ಮೇಡಂ, ಹೊತ್ತಾಗೈತಿ. ಹೂಂ ಅಂದು ಡಬ್ಬಿ ಇಸ್ಕೊಂಡು ನಡೀರಿ."

"ಹೂಂ ಅಂದ್ರ ಈತ ನಾಳೆನ ಬೆಳಿ ಕಿತ್ತು ಜೆಸಿಬಿ ಕರಸ್ತಾನ," ಅಂದಳು.

ಯಜಮಾನನ ಮನೆಗೆ ಹೋದೆವು. ಡಬ್ಬಿ ಒಳಗಿತ್ತು. ಬಾಗಿಲಲ್ಲಿ ಅವನ ಹೆಂಡತಿ ಕೂತಿದ್ದಳು. ಅದಿರು ಇಲ್ಲವೆಂದು ನಮ್ಮ ಹುಡುಗಿ ಹೇಳಿದ್ದು ಆಗಲೇ ಅವಳ ಕಿವಿ ಮುಟ್ಟಿತ್ತು.

"ನನ್ನ ತವರುಮನಿ ಸಂಡೂರು ಕಡಿ," ಅಂದಳು. "ಅಲ್ಲಿ ಅದಿರಿನ ಧೂಳಿಗೆ ರೊಟ್ಟಿ ಹಿಟ್ಟು ನಾದಿದ್ರ ಕೆಂಪಗ ಆಗತೈತಿ. ನಿನ್ನಂಥಾಕಿ ಒಬ್ಬಾಕಿ ಇಲ್ಲ ಅಂದಿದ್ದು ಚಲೋ ಆತು. ಇಲ್ಲಿ ಅದಿರಿಲ್ಲ ಅಂತ ಬರದುಕೊಟ್ಟು ಡಬ್ಬಿ ಒಯ್ಯಿ. ಈ ಮನಷ್ಯಾನ ಹುಚ್ಚು ಇಳೀಲಿ."

ಅಲ್ಲಿಗೆ ಮುಗಿಯಬೇಕಿತ್ತು. ಹುಡುಗಿ ಪೆನ್ನು ತೆಗೆದು ನಿಂತುಬಿಟ್ಟಳು.

"ಇಲ್ಲ ಅಂತ ಬರಿಯಾಕ ಬರಂಗಿಲ್ಲ ಅಕ್ಕಾರ. ನಾವು ಮಣ್ಣು ನೋಡೇ ಇಲ್ಲ."

"ಅಂದ್ರ ಐತಿ!" ಅಂದ ಗಂಡ.

"ಐತಿ ಅಂತನೂ ಅಲ್ಲ."

"ಇಷ್ಟು ಓದಿಸ್ಯಾರ ನಿನ್ನ," ಅಂದಳು ಹೆಂಡತಿ, "ಐತಿ ಇಲ್ಲ ಎರಡರಾಗ ಒಂದು ಹೇಳಾಕ ಬರವಲ್ದು."

ಬಿಸಿಲು ಇಳಿಯುತ್ತಿತ್ತು. ಚಹಾ ಎರಡು ಸಲ ಆಯಿತು. ಕೊನೆಗೆ ಉಪಗ್ರಹ ಯೋಜನೆಯ ಹೆಸರು ಅಚ್ಚಾಗಿದ್ದ ಹಾಳೆಯ ಮೇಲೆ ಮೂರು ವಾಕ್ಯಕ್ಕೆ ಒಪ್ಪಂದವಾಯಿತು: ನಮ್ಮ ಡಬ್ಬಿ ಮೇಲಿನ ಚಳಿಯನ್ನು ಅಳೆದಿದೆ. ಕೆಳಗಿನ ಮಣ್ಣನ್ನು ನೋಡಿಲ್ಲ. ಈ ಹೊಲ ಕೊಳ್ಳಲು ನಾವು ಬಂದಿಲ್ಲ. ಹುಡುಗಿ ಸಹಿ ಮಾಡಿದಳು. ಸಾಹುಕಾರನದೂ ಆಗಬೇಕೆಂದು ಹೆಂಡತಿ ಹಟ ಹಿಡಿದಳು. ಬರೆದದ್ದನ್ನು ಇಂಗ್ಲಿಷಿನಲ್ಲಿ ವಿವರಿಸಿದ ಮೇಲೆ ಜಪಾನಿನ ಹುಡುಗ ತನ್ನ ಲಿಪಿಯಲ್ಲಿ ಸಹಿ ಹಾಕಿ, ಎರಡೂ ಕೈಯಿಂದ ಹಾಳೆ ಕೊಟ್ಟ.

ಹೆಂಡತಿ ಒಳಗಿನಿಂದ ಡಬ್ಬಿ ತಂದು ಹುಡುಗಿಯ ಮಡಿಲಿಗಿಟ್ಟಳು. ಗಂಡ ಹಾಳೆ ತೆಗೆದುಕೊಂಡು, ಮೇಲಿನ ಮೂರು ವಾಕ್ಯ ಬಿಟ್ಟು ಕೆಳಗಿನ ಸಹಿಯನ್ನಷ್ಟೇ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಪಕ್ಕದ ಹೊಲದವನಿಗೆ ತೋರಿಸಿದ.

"ನೋಡಲೇ, ಚೀನಾದ ಅಕ್ಷರ."

ಬಳ್ಳಾರಿಯ ಗಾಂಧಿನಗರದ ಒಂದು ಸೈಬರ್ ಕೆಫೆಯಿಂದ, ಕರೆಂಟು ಹೋಗಿ ಬರುವುದರ ನಡುವೆ, ಅಂಕಿಗಳು ಅದೇ ಸಂಜೆ ಜಪಾನಿಗೆ ಹೋದವು. ಬೋರ್ಡಿಗೆ ಉಪಗ್ರಹದಲ್ಲಿ ಜಾಗ ಸಿಕ್ಕಿತು. ಉಪಗ್ರಹ ದೊಡ್ಡ ಉಪಗ್ರಹವೊಂದರ ಜೊತೆ ಮೇಲೆ ಹೋಯಿತು. ಬೋರ್ಡು ಕೆಲವು ತಿಂಗಳು ಬಿಸಿ, ತಂಪಿನ ವರದಿ ಕಳಿಸಿತು. ಸಿರಿಗೇರಿಯ ಹುಡುಗಿ ಈಗ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ವಿದ್ಯಾರ್ಥಿಗಳಿಂದ ಬಲೂನು ಹಾರಿಸುತ್ತಾಳೆ. ಪ್ರತಿ ಡಬ್ಬಿಯ ಮೇಲೂ ಕನ್ನಡ, ತೆಲುಗು, ಉರ್ದುವಿನಲ್ಲಿ ಒಂದು ಸಾಲು ಇರುತ್ತದೆ: ಇದು ಅದಿರು ಹುಡುಕುವ ಯಂತ್ರವಲ್ಲ. ಕಳೆದ ವರ್ಷದ ಡಬ್ಬಿ ಸಿರುಗುಪ್ಪದ ಭತ್ತದ ಗದ್ದೆಗಳ ನಡುವೆ ಇಳಿಯಿತು. ಅದು ಇನ್ನೂ ವಾಪಸು ಬಂದಿಲ್ಲ.